ಹೊಳೆದಾರಿಯ ನಲವತ್ತೊಂದು ಬಟ್ಟೆಚೂರು

ನಲವತ್ತೊಂದು ಬಟ್ಟೆಚೂರು, ಎರಡು ಜಪಮಾಲೆ, ಮಗುವಿನ ಒಂಟಿ ಕಾಲುಚೀಲ, ದಾರ ಕಿತ್ತುಹೋದ ಒಂದು ನೀಲಿ ಮಾಸ್ಕು. ಬಟ್ಟೆಚೂರುಗಳಲ್ಲಿ ಹದಿಮೂರರ ಬಣ್ಣ ಯಾವುದೆಂದು ಹೇಳಲಾಗದಷ್ಟು ಮಾಸಿತ್ತು. ಒಂಬತ್ತು, ಮುಟ್ಟಿದರೆ ಬೆರಳಿಗೆ ಎಳೆ ಎಳೆಯಾಗಿ ಬರುತ್ತಿದ್ದವು.

ಎಣಿಸಿದವಳು ನಾನೇ. ಎಣಿಸುವುದು ನನಗೆ ಉದ್ಯೋಗದಿಂದ ಅಂಟಿದ ಚಾಳಿ. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಕಷ್ಟಪಟ್ಟು ಬರೆದದ್ದರಲ್ಲಿ ತಪ್ಪು ಹುಡುಕಿ, ಅದಕ್ಕೊಂದು ನಂಬರು ಕೊಟ್ಟು, ಮೊದಲು ಹೀಗಿತ್ತು ಆಮೇಲೆ ಹೀಗಾಯಿತು ಎಂದು ಚಿತ್ರಸಮೇತ ಒಪ್ಪಿಸುವುದು ನನ್ನ ಕೆಲಸ. ಇಂಥವರಿಗೆ ಗೆಳೆಯರು ಕಡಿಮೆ ಎಂದು ಬೇರೆ ಹೇಳಬೇಕಾಗಿಲ್ಲ. ಏಳು ವರ್ಷ ಬೇರೆಯವರ ತಪ್ಪುಗಳನ್ನು ಚೊಕ್ಕವಾಗಿ ಬರೆದಿಟ್ಟಿದ್ದೇನೆ. ನನ್ನದೊಂದನ್ನು ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಅಲ್ಲಲ್ಲಿ ದಾರಿ ಬಿಟ್ಟು ಓಡಾಡಿದರೆ, ತಪ್ಪಿನ ಹತ್ತಿರ ಹೋಗಲು ಹಿಂಜರಿಯುತ್ತಿದ್ದಾಳೆ ಎಂದು ತಿಳಿದು ಸಹಿಸಿಕೊಳ್ಳಿ.

ವಿಷಯ ಶುರುವಾಗುವುದು ಜಪಾನಿನಲ್ಲಿ. ನಾನು ಜಪಾನಿಗೆ ಹೋಗಿಯೇ ಇಲ್ಲ ಎಂಬುದೊಂದು ಸಣ್ಣ ಅಡಚಣೆ. ಹೋಗಬೇಕಿತ್ತು, ೨೦೨೦ರ ಏಪ್ರಿಲ್‌ನಲ್ಲಿ. ಅಲ್ಲಿನ ಒಂದು ಸಣ್ಣ ಊರಿನಲ್ಲಿ ಹೊಳೆಯ ದಂಡೆ ಹಿಡಿದು ನಡೆಯುವ ಒಂಬತ್ತು ಕಿಲೋಮೀಟರಿನ ದಾರಿಯಿದೆ ಎಂದು ಓದಿದ್ದೆ. ದಾರಿಯುದ್ದಕ್ಕೂ ಏಳು ಪುಟ್ಟ ಗುಡಿಗಳು, ಎರಡು ಸೇತುವೆಗಳು, ಎಂದೋ ನಿಂತುಹೋದ ಒಂದು ದೋಣಿಗಟ್ಟ. ಊರಿನವರೇ ತಯಾರಿಸಿದ ಕರಪತ್ರವನ್ನು ಪ್ರಿಂಟ್ ಮಾಡಿ, ಮಡಿಸಿದಲ್ಲೆಲ್ಲ ಟೇಪು ಹಚ್ಚಿ, ಪರೀಕ್ಷೆಗೆ ಓದುವವಳ ಹಾಗೆ ಬಾಯಿಪಾಠ ಮಾಡಿದ್ದೆ. ಮೊದಲ ತಿರುವಿನಲ್ಲಿ ಕಲ್ಲಿನ ಸಣ್ಣ ಸನ್ಯಾಸಿಗಳು ಸಾಲಾಗಿ ಕುಳಿತಿದ್ದಾರೆ. ಊರಿನ ಹೆಂಗಸರು ಅವರ ಕೊರಳಿಗೆ ಕೆಂಪು ಬಟ್ಟೆ ಕಟ್ಟಿ, ಚಳಿಗಾಲದಲ್ಲಿ ಟೋಪಿ ಹೆಣೆದು ಹಾಕುತ್ತಾರೆ, ಹಳತಾದರೆ ಬದಲಾಯಿಸುತ್ತಾರೆ. ಮೂರನೆಯ ಗುಡಿಯಲ್ಲಿ ಶಕುನದ ಚೀಟಿ ಎತ್ತಬಹುದು. ಒಳ್ಳೆಯದು ಬಂದರೆ ಮನೆಗೆ ಒಯ್ಯಿರಿ, ಕೆಟ್ಟದು ಬಂದರೆ ಅಲ್ಲಿಯೇ ಮರಕ್ಕೆ ಕಟ್ಟಿ ಹೋಗಿ. ಗುಡಿಯವರು ಆಗಾಗ ಅವನ್ನೆಲ್ಲ ಬಿಡಿಸಿ ತೆಗೆದು ಸುಟ್ಟುಬಿಡುತ್ತಾರೆ. ಕೆಟ್ಟದ್ದನ್ನು ಮರದ ಕೈಗೆ ಕೊಟ್ಟು ಹಗುರಾಗಿ ನಡೆದುಬಿಡುವ ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು. ಆ ಗುಡಿಯವರ ಶಿಸ್ತೂ ಹಿಡಿಸಿತ್ತು. ಇದನ್ನು ನೆನಪಿಡಿ ಎನ್ನುವುದಿಲ್ಲ. ನಾನು ನೆನಪಿಟ್ಟುಕೊಂಡದ್ದೇ ಎಡವಟ್ಟಾಯಿತು.

ಮಾರ್ಚಿನಲ್ಲಿ ವಿಮಾನಗಳು ನಿಂತವು. ನಾನು ಕೆಲಸಕ್ಕಿರುವ ಐರ್ಲೆಂಡಿನ ಡಬ್ಲಿನ್ನಿನಲ್ಲಿ ನಾವೆಲ್ಲ ಮನೆಯಿಂದ ಎರಡು ಕಿಲೋಮೀಟರ್ ಮಾತ್ರ ಹೋಗಬಹುದು ಎಂದಾಯಿತು, ಆಮೇಲೆ ಐದು. ನಾನು ಕ್ಯಾಸಲ್‌ನಾಕ್‌ನ ಒಂದು ಮನೆಯ ಅರ್ಧಭಾಗದಲ್ಲಿದ್ದೆ. ಇನ್ನರ್ಧದಲ್ಲಿ ಲವೀನಾ, ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹುಡುಗಿ, ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಜಗತ್ತೆಲ್ಲ ಮನೆಯೊಳಗೆ ಕೂತಾಗ ಅವಳು ದಿನವೂ ಹೊರಗೆ ಹೋಗುತ್ತಿದ್ದಳು. ನಾನು ಒಳಗೆ ಕೂತು ಬೇರೆಯವರ ತಪ್ಪು ಹುಡುಕುತ್ತಿದ್ದೆ. ಐದು ಕಿಲೋಮೀಟರ್ ಎಂದಾದ ದಿನ ನಕ್ಷೆ ಪ್ರಿಂಟ್ ಮಾಡಿ, ಕೈವಾರ ಇಲ್ಲದ್ದಕ್ಕೆ ಸಾಂಬಾರಿನ ಬಟ್ಟಲನ್ನೇ ಬೋರಲಿಟ್ಟು ಒಂದು ವೃತ್ತ ಎಳೆದೆ. ವೃತ್ತದೊಳಗೆ, ತೆಂಕು ಬದಿಗೆ, ಲಿಫಿ ನದಿ ಉದ್ದಕ್ಕೆ ಬಂದು ಮಲಗಿತ್ತು.

ಎರಡು ವರ್ಷದಿಂದ ಆ ನದಿಯನ್ನು ನಾನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ. ಅರ್ಧ ಭೂಮಿ ದಾಟಿ ಹೋಗಿ ಒಂದು ಹೊಳೆಯ ದಂಡೆಯಲ್ಲಿ ನಡೆಯಲು ಆರು ತಿಂಗಳು ತಯಾರಿ ನಡೆಸಿದವಳಿಗೆ, ಮನೆಯ ಕೆಳಗಿನ ಇಳಿಜಾರಿನಲ್ಲಿ ಒಂದು ಹೊಳೆ ಇದೆ ಎಂದು ತಿಳಿಸಲು ಸಾಂಬಾರಿನ ಬಟ್ಟಲು ಬೇಕಾಯಿತು. ಆ ಬಟ್ಟಲಿಗೆ ನಾನು ಈಗಲೂ ಕೃತಜ್ಞಳು.

ಹೀಗೆ ನನ್ನ ಭಾನುವಾರದ ನಡಿಗೆ ಶುರುವಾಯಿತು. ಜಪಾನಿನ ಕರಪತ್ರದ ಮಾದರಿಯಲ್ಲೇ ನಾನೂ ಒಂದು ಪಟ್ಟಿ ಮಾಡಿದೆ. ನೀರಿಗೆ ಅಡ್ಡ ಕಟ್ಟಿದ ಹಳೆಯ ಒಡ್ಡು. ಗುಡ್ಡದ ಮೇಲಿನ ದೊಡ್ಡ ಮನೆಗೆ ಎಂದೋ ಕೆಳಗಿನ ಗಿರಣಿ ಕಾಲುವೆಯಿಂದ ವಿದ್ಯುತ್ತಿನ ತಂತಿ ಒಯ್ಯುತ್ತಿದ್ದ, ಈಗ ಎಲ್ಲಿಗೂ ಹೋಗದ ಮುರುಕು ಕಬ್ಬಿಣದ ಸೇತುವೆ. ರಸ್ತೆಬದಿಯ ಬಂಡೆಯ ಗೂಡಿನಲ್ಲಿ ನೀಲಿ ಮೇಲುಹೊದಿಕೆಯ ಮಾತೆ ಮರಿಯಮ್ಮ. ಅವಳ ಮುಂದೆ ಪ್ಲಾಸ್ಟಿಕ್ ಗುಲಾಬಿ, ಗಾಜಿನ ಬುಡ್ಡಿಯಲ್ಲಿ ಮೇಣದ ಬತ್ತಿ. ಸ್ಟ್ರಾಬೆರಿ ಬೆಡ್ಸ್ ಎಂಬ ಬಿಸಿಲು ಬೀಳುವ ಇಳಿಜಾರು. ಹಿಂದೆ ಅಲ್ಲಿ ಸ್ಟ್ರಾಬೆರಿ ಬೆಳೆದು, ಊರಿನಿಂದ ಗಾಡಿ ಕಟ್ಟಿಕೊಂಡು ಬಂದವರಿಗೆ ಎಲೆಕೋಸಿನ ಎಲೆಯ ಮೇಲೆ ಬಡಿಸುತ್ತಿದ್ದರಂತೆ. ಎಲೆಯ ಮೇಲೆ ಬಡಿಸುವ ಜನ ಪರಕೀಯರಾಗಿರಲು ಸಾಧ್ಯವಿಲ್ಲ ಎಂದು ನನ್ನ ಹೊಟ್ಟೆ ಅವತ್ತೇ ತೀರ್ಮಾನಿಸಿತು. ಪಟ್ಟಿಯ ಕೊನೆಯಲ್ಲಿ, ಮನೆಯಿಂದ ಮೂರು ಮುಕ್ಕಾಲು ಕಿಲೋಮೀಟರ್ ದೂರದಲ್ಲಿ, ಒಂದು ಓಣಿಯ ತುದಿಗೆ, ಕಲ್ಲು ಸುತ್ತಿದ ಸಣ್ಣ ಪುಣ್ಯಬಾವಿ. ಅದರ ಮೇಲೆ ಬಾಗಿದ ಹಾಥಾರ್ನ್ ಎಂಬ ಮುಳ್ಳುಮರ. ಬಾವಿಯ ಹೆಸರು ಬರೆಯುವುದಿಲ್ಲ. ನನ್ನಿಂದ ಅದಕ್ಕೆ ಈಗಾಗಲೇ ಸಾಕಷ್ಟು ತೊಂದರೆಯಾಗಿದೆ.

“ದೇವರನ್ನೆಲ್ಲ ಟೇಬಲ್ ಮಾಡ್ಲಿಕ್ಕೆ ಎಂತ ಉಂಟು ಮಾರಾಯ್ತಿ?” ಎಂದಳು ಲವೀನಾ ನನ್ನ ಪಟ್ಟಿ ನೋಡಿ. “ಒಂದು ಕೈ ಮುಗ್ದು ಬಾ, ಸಾಕು.”

ಕೈ ಮುಗಿಯುವುದು ನನಗೆ ಸಂಕೋಚದ ವಿಷಯ. ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಹವಾಮಾನದ ಬಗ್ಗೆ ಮಾತಾಡುತ್ತೇನೆ. ಐರ್ಲೆಂಡಿನಲ್ಲಿ ಅದು ಸುಲಭ. ಆದರೆ ಮನುಷ್ಯ ನೀರು ಕಂಡಲ್ಲೆಲ್ಲ ಒಂದು ಕಲ್ಲು ನಿಲ್ಲಿಸಿ ಹೂವಿಡುವುದನ್ನು ನೋಡುವುದೆಂದರೆ ನನಗೆ ಇಷ್ಟ. ಮೈಸೂರಿನಲ್ಲಿದ್ದಾಗ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ, ಪೂಜೆಗೆ ಬಂದವರಿಗಿಂತ ಹೆಚ್ಚಾಗಿ ಮೆಟ್ಟಿಲ ಸಂದಿಯ ನಾಗರಕಲ್ಲುಗಳನ್ನು ನೋಡುತ್ತಾ ಕೂತಿರುತ್ತಿದ್ದೆ. ದೊಡ್ಡ ದೇವರಿಗೆ ಸಮಯವಿಲ್ಲದಾಗ ಕೈಗೆ ಸಿಗುವ ದೇವರುಗಳು ಅವು. ಲಿಫಿಯ ದಂಡೆಯಲ್ಲೂ ಅಂಥವರೇ ಇದ್ದರು.

ಬಾವಿಯ ಹತ್ತಿರದ ಬೆಂಚಿನಲ್ಲಿ ನನಗೆ ನೋರಾ ಸಿಕ್ಕಿದರು. ಅದೇ ಓಣಿಯ ಕಟ್ಟಕಡೆಯ ಮನೆಯಲ್ಲಿ ತಮ್ಮ ಮಿಕ್‌ನೊಂದಿಗೆ ಇದ್ದವರು. ಇಬ್ಬರಿಗೂ ಮದುವೆಯಿಲ್ಲ, ಹುಟ್ಟಿದ ಮನೆಯಲ್ಲೇ ಒಬ್ಬರನ್ನೊಬ್ಬರು ಗದರಿಸಿಕೊಂಡು ಎಪ್ಪತ್ತು ದಾಟಿದ್ದರು. ನೋರಾ ಮಾತಾಡುವುದು ಇಂಗ್ಲಿಷೇ. ಆದರೆ ಆ ಧಾಟಿ ನನ್ನ ಕಿವಿಗೆ ನಮ್ಮ ಬೀದಿಯ ಅಜ್ಜಿಯರ ಕನ್ನಡದಂತೆಯೇ ಬೀಳುತ್ತಿದ್ದುದರಿಂದ ಇಲ್ಲಿ ಹಾಗೆಯೇ ಬರೆಯುತ್ತೇನೆ. ಶೈಲಜಾ ಎಂಬ ನನ್ನ ಹೆಸರನ್ನು ಎರಡನೆಯ ವಾಕ್ಯದಲ್ಲೇ ಶೀಲಾ ಮಾಡಿದರು. ಐರ್ಲೆಂಡಿನಲ್ಲಿ ಶೀಲಾಗಳಿಗೆ ಬರವಿಲ್ಲ; ನಾನೂ ತಿದ್ದಲಿಲ್ಲ.

ನನ್ನ ಕಷ್ಟ ಅವರನ್ನು ಕರೆಯುವುದರಲ್ಲಿತ್ತು. “ನೋರಾ ಅಂತಲೇ ಕರಿ” ಎಂದಿದ್ದರು. ಎಪ್ಪತ್ತೆಂಟು ವರ್ಷದ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಮಿಸೆಸ್ ಎನ್ನೋಣವೆಂದರೆ ಮದುವೆಯಾಗಿಲ್ಲ. ಮಿಸ್ ಎಂದರೆ ನಾನು ಮೂರನೆಯ ತರಗತಿಯ ಬೆಂಚಿಗೆ ಹೋಗಿ ಕೂರುತ್ತೇನೆ. ಹೀಗಾಗಿ ಎಂಟು ತಿಂಗಳು ಅವರನ್ನು ಏನೂ ಕರೆಯದೆ ನಿಭಾಯಿಸಿದೆ. ದೂರದಲ್ಲಿ ಕಂಡರೆ ಕೂಗುವಂತಿರಲಿಲ್ಲ. ಗಮನ ಸೆಳೆಯಲು ಸಣ್ಣಗೆ ಕೆಮ್ಮುವಂತೆಯೂ ಇರಲಿಲ್ಲ. ಆ ವರ್ಷ ಕೆಮ್ಮಿದರೆ ಜನ ದಾರಿ ಬದಲಿಸುತ್ತಿದ್ದರು. ಬರಹದಲ್ಲಿ ಬಹುವಚನ ಇರುವುದರಿಂದ ಈಗ ಬದುಕಿಕೊಂಡಿದ್ದೇನೆ.

ಎರಡು ಮೀಟರ್ ಅಂತರದಲ್ಲಿ, ಬೆಂಚಿನ ಒಂದು ತುದಿಯಲ್ಲಿ ಅವರು, ಹುಲ್ಲಿನ ಮೇಲೆ ಚೀಲ ಹಾಸಿಕೊಂಡು ನಾನು. ಹೊಳೆಯ ಚರಿತ್ರೆಯನ್ನು ಅವರು ಕಂತಿನಲ್ಲಿ ಹೇಳುತ್ತಿದ್ದರು, ಒಂದು ಕಂತು ಇನ್ನೊಂದಕ್ಕೆ ಒಪ್ಪುತ್ತಿರಲಿಲ್ಲ. ಮುರುಕು ಸೇತುವೆಯ ಮೇಲೆ ಅವರಜ್ಜ ಒಮ್ಮೆ ಹಂದಿ ಹೊಡೆದುಕೊಂಡು ಹೋಗಿದ್ದ. ಮೂರು ವಾರದ ನಂತರ ಅದು ಮೇಕೆಯಾಗಿತ್ತು. ನಾನು ನನ್ನ ಚಾಳಿಯಂತೆ, ಹೋದ ಸಲ ಹಂದಿ ಎಂದಿದ್ದಿರಲ್ಲ ಎಂದೆ. “ಎರಡೂ ಇತ್ತು ಕಣೇ. ಹಂದಿ ಮುಂದೆ, ಮೇಕೆ ಹಿಂದೆ” ಎಂದರು, ಒಂದು ಕ್ಷಣವೂ ತಡೆಯದೆ. ಬಾವಿಯ ಸಂತ ಹಲ್ಲುನೋವಿಗೆ ಹೆಸರಾದವನಂತೆ. “ಈಗ ಎಲ್ಲಾ ಕಾಯಿಲೇನೂ ಅವನೇ ನೋಡ್ಬೇಕು, ಪಾಪ” ಎಂದಿದ್ದರು. ಇದನ್ನು ಲವೀನಾಗೆ ಹೇಳಿದಾಗ, “ಮತ್ತೆ? ನಮ್ಮಲ್ಲಿ ಹಲ್ಲಿನ ಡಾಕ್ಟರ್‌ಗಳನ್ನೂ ಕೋವಿಡ್ ಕೆಲ್ಸಕ್ಕೆ ಹಾಕಿದ್ದಾರೆ” ಎಂದಳು.

೨೦೨೧ರ ಜನವರಿಯಲ್ಲಿ ಮೂರು ವಾರ ನೋರಾ ಕಾಣಲಿಲ್ಲ. ಫೆಬ್ರವರಿಯ ಮೊದಲ ಭಾನುವಾರ ಬೆಂಚಿನಲ್ಲಿದ್ದರು, ಕೋಟಿನೊಳಗೆ ಅರ್ಧವಾಗಿ. ಮಿಕ್‌ಗೆ ಕೋವಿಡ್. ಅಂಬ್ಯುಲೆನ್ಸಿನಲ್ಲಿ ಕರೆದೊಯ್ದರು, ಇವರು ಎರಡು ವಾರ ಒಬ್ಬರೇ ಬಾಗಿಲು ಹಾಕಿಕೊಂಡಿದ್ದರು, ಈಗ ಆಸ್ಪತ್ರೆಗೆ ಹೋಗಿ ನೋಡಲೂ ಬಿಡುವುದಿಲ್ಲ. “ಎಪ್ಪತ್ನಾಲ್ಕು ವರ್ಷದಲ್ಲಿ ಅವನು ನನ್ನ ಬಿಟ್ಟು ಒಂದು ವಾರ ಇದ್ದೋನಲ್ಲ. ಅಲ್ಲಿ ಅವನ್ನ ಬಯ್ಯೋರು ಯಾರು?” ಎಂದರು.

ಇಂಥ ಮಾತಿಗೆ ಏನು ಹೇಳಬೇಕೆಂದು ತಿಳಿದವರು ಇರುತ್ತಾರೆ. ನಾನು ಒಡ್ಡಿನಲ್ಲಿ ನೀರು ಏರಿದೆಯಲ್ಲವೇ ಎಂದು ಕೇಳಿದೆ. ನೋರಾ ಹೌದೆಂದರು. ಮನೆಗೆ ಬಂದು ವಾರವಿಡೀ ನನ್ನ ಮೇಲೆ ನಾನೇ ಮುನಿಸಿಕೊಂಡು, ಬಾಯಲ್ಲಿ ಆಗದ್ದನ್ನು ಕೈಯಲ್ಲಾದರೂ ಮಾಡೋಣ ಎಂದು ನಿಶ್ಚಯಿಸಿದೆ. ತಪ್ಪಿಗೆ ಬಂದುಬಿಟ್ಟೆ, ನೋಡಿ.

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ನಿರ್ಮಾಲ್ಯ ತೆಗೆಯುವುದು. ನಿನ್ನೆಯ ಹೂವು ಇಂದು ದೇವರ ಮೇಲಿರಕೂಡದು. ಬಾಡಿದ್ದನ್ನು ತೆಗೆದು, ಒರೆಸಿ, ಆಮೇಲೆ ಹೊಸದು. ಮಾಸಿದ ಹಾರ ಹೊತ್ತು ನಿಂತ ದೇವರನ್ನು ಕಂಡರೆ, ಈ ಗುಡಿಗೆ ದಿಕ್ಕುದೆಸೆ ಇಲ್ಲ ಎಂದು ಅಮ್ಮ ಮರುಗುತ್ತಿದ್ದಳು. ನಂಬಿಕೆಯ ಬಗ್ಗೆ ಹವಾಮಾನ ಮಾತಾಡುವ ನನ್ನೊಳಗೂ ಆ ಮರುಕ ಮಾತ್ರ ಹಾಗೆಯೇ ಇಳಿದಿದೆ. ಹಾಥಾರ್ನ್ ಮರದ ತುಂಬ ನೇತಾಡುತ್ತಿದ್ದ ಮಾಸಲು ಬಟ್ಟೆಚೂರುಗಳು ಜನ ಹರಕೆ ಹೊತ್ತು ಕಟ್ಟಿದ್ದು ಎಂದು ನನಗೆ ಗೊತ್ತಿತ್ತು. ಕಟ್ಟಿಯಾಗಿದೆ, ಹರಕೆ ಮುಟ್ಟಿದೆ, ಇನ್ನು ಕಾಲಕಾಲಕ್ಕೆ ಬಿಡಿಸಿ ತೆಗೆಯುವವರು ಇರಬೇಕು, ಲಾಕ್‌ಡೌನ್‌ನಲ್ಲಿ ಅವರೂ ಬಂದಿಲ್ಲ ಎಂದು ಲೆಕ್ಕ ಹಾಕಿದೆ. ಜಪಾನಿನ ಗುಡಿಯವರೂ ನನ್ನ ಪರವಾಗಿ ತಲೆಯಾಡಿಸಿದರು. ಎರಡು ದೇಶಗಳ ತಿಳಿವಳಿಕೆಯನ್ನು ಕೂಡಿಸಿಕೊಂಡು ನಾನು ಮೂರನೆಯ ದೇಶದ ಮರಕ್ಕೆ ಕೈ ಹಾಕಿದೆ.

ಶನಿವಾರ ಬೆಳಿಗ್ಗೆ ಕೈಗವಸು, ಸಣ್ಣ ಕತ್ತರಿ, ಒಂದು ಚೀಲ. ಮೊದಲಿಗೆ, ಅಭ್ಯಾಸಬಲದಿಂದ, ಮರದ ನಾಲ್ಕು ದಿಕ್ಕಿನಿಂದಲೂ, ಒಂದೊಂದು ಕೊಂಬೆಯ ಹತ್ತಿರದಿಂದಲೂ ಫೋಟೊ ತೆಗೆದೆ. ಆಮೇಲೆ ಒಂದೊಂದಾಗಿ ಬಿಡಿಸಿದೆ. ಮುಳ್ಳು ತರಚಿದ್ದೂ ಸೇವೆಯಂತೆಯೇ ಹಿತವಾಗಿತ್ತು. ಓಡುತ್ತಾ ಬಂದ ಒಬ್ಬಾತ ನಾನು ರಸ್ತೆಬದಿಯ ಕಸ ಹೆಕ್ಕುತ್ತಿದ್ದೇನೆ ಎಂದುಕೊಂಡು “ಫೇರ್ ಪ್ಲೇ ಟು ಯೂ!” ಎಂದು ಹೆಬ್ಬೆರಳೆತ್ತಿ ಹೋದ. ಭೇಷ್ ಎನ್ನಲು ಇಲ್ಲಿನವರು ಹಾಗೆನ್ನುತ್ತಾರೆ. ನಾನು ಸಂಕೋಚದಿಂದ ನಕ್ಕೆ. ಬಾವಿಯ ಸುತ್ತ ಗುಡಿಸಿ, ಹಸಿರು ಪಾಚಿ ಉಜ್ಜಿ, ದೂರ ನಿಂತು ನೋಡಿದೆ. ಮರ ಬಾಚಿ ಜಡೆ ಹಾಕಿದ ಹುಡುಗಿಯ ಹಾಗಿತ್ತು. ನಾಳೆ ಭಾನುವಾರ, ನೋರಾ ಬಂದು ನೋಡುತ್ತಾರೆ, ಯಾರು ಮಾಡಿದರೆಂದು ನಾನು ಹೇಳುವುದಿಲ್ಲ ಎಂದೆಲ್ಲ ಅಂದುಕೊಂಡು, ಆ ಭಾನುವಾರ ಬೇಕೆಂದೇ ನಡೆಯಲು ಹೋಗಲಿಲ್ಲ.

ನಿರ್ಮಾಲ್ಯವನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಗಿಡದ ಬುಡಕ್ಕೋ ಹರಿಯುವ ನೀರಿಗೋ ಸೇರಬೇಕು. ಲಿಫಿಗೆ ಬಟ್ಟೆ ಎಸೆಯಲು ಮನಸ್ಸಾಗದೆ ಚೀಲವನ್ನು ಹಿತ್ತಿಲ ಬಾಗಿಲಿನ ಪಕ್ಕ ಇಟ್ಟಿದ್ದೆ. ಮಂಗಳವಾರ ಸಂಜೆ ಡ್ಯೂಟಿಯಿಂದ ಬಂದ ಲವೀನಾ ಅದನ್ನು ಎತ್ತಿ ನೋಡಿದಳು.

“ಇದೆಂತದು?”

ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಅವಳು ಚೀಲವನ್ನು ಮೆಲ್ಲನೆ, ಒಳಗೆ ಏನೋ ಉಸಿರಾಡುತ್ತಿದೆ ಎಂಬಂತೆ, ಮೇಜಿನ ಮೇಲಿಟ್ಟಳು. “ನಿಂಗೆ ಮಂಡೆ ಸಮ ಉಂಟಾ? ಅದನ್ನು ಯಾರೂ ಮುಟ್ಲಿಕ್ಕೇ ಇಲ್ಲ. ಬಟ್ಟೆ ಮರದಲ್ಲೇ ಇದ್ದು ಮಳೆಗೆ ಗಾಳಿಗೆ ಹಾಳಾಗಿ ಹೋಗ್ಬೇಕು. ಅದು ಕೊಳೆತ ಹಾಗೆ ಕಾಯಿಲೆ ಕಮ್ಮಿ ಆಗುದು. ನಮ್ಮ ವಾರ್ಡಿನಲ್ಲಿ ಇಲ್ಲಿಯವರು ಹೇಳಿದ್ದು ನಂಗೆ.”

“ಮಧ್ಯದಲ್ಲಿ ತೆಗೆದ್ರೆ?”

“ನಂಗೆ ಗೊತ್ತಿಲ್ಲ ಮಾರಾಯ್ತಿ. ತೆಗೆಯುವವರು ಇರ್ತಾರೆ ಅಂತ್ಲೇ ಅವರಿಗೆ ಗೊತ್ತಿಲ್ಲ.”

ಬೆರಳಿಗೆ ಎಳೆಯಾಗಿ ಬಂದ ಆ ಒಂಬತ್ತು ಚೂರುಗಳನ್ನು ನೆನೆದೆ. ಇನ್ನೇನು ಮುಗಿಯಬೇಕಿದ್ದ ಒಂಬತ್ತು ನೋವುಗಳು. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ ಎಂಬುದು ಆಗ ಒಂದಿಷ್ಟೂ ಉಪಯೋಗಕ್ಕೆ ಬರಲಿಲ್ಲ. ಕಟ್ಟಿದವರು ನಂಬಿದ್ದರು, ಬಿಡಿಸಿದ್ದು ನಾನು. ಯಾರಿಗೂ ಹೇಳದೆ ಹೋಗಿ ಮತ್ತೆ ಕಟ್ಟಿಬಂದರೆ ಹೇಗೆ ಎಂದೆ. “ಕಟ್ಟು. ಆದ್ರೆ ಆ ನಿನ್ನ ಅಜ್ಜಿಗೆ ಹೇಳು. ಅವರು ಭಾನುವಾರ ನೋಡಿರ್ತಾರೆ” ಎಂದಳು ಲವೀನಾ.

ಬುಧವಾರ ಅರ್ಧ ದಿನ ರಜೆ ಹಾಕಿ ನೋರಾ ಅವರ ಗೇಟಿನ ಮುಂದೆ ನಿಂತೆ. ಅವರು ಬಾಗಿಲಲ್ಲೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

“ಬಂದ್ಯಾ ಶೀಲಾ. ನೋಡಿದ್ಯಾ ಮರಾನ? ಯಾರೋ ಪಾಪಿಗಳು ಪೂರ್ತಿ ಬೋಳು ಮಾಡಿದಾರೆ. ಮಿಕ್‌ದು ಪೈಜಾಮ ಹರಿದು ಕಟ್ಟಿದ್ದೆ, ನೀಲಿ ಗೆರೆಯದ್ದು. ನನ್ನ ಬೆರಳು ಮಡಚಲ್ಲ, ಹಲ್ಲಲ್ಲಿ ಕಚ್ಚಿ ಗಂಟು ಹಾಕಿದ್ದೆ. ಭಾನುವಾರ ಹೋಗಿ ನೋಡ್ತೀನಿ, ಇಲ್ಲ. ಸಾಯಂಕಾಲ ಆಸ್ಪತ್ರೆಯಿಂದ ಫೋನು. ಉಸಿರಾಡೋಕೆ ಆಗ್ತಿಲ್ಲ, ಮೆಷಿನ್ ಹಾಕ್ತೀವಿ ಅಂತ.”

ಕೈಯಲ್ಲಿದ್ದ ಚೀಲ ಭಾರವಾಯಿತು. ಹಿಂದಿರುಗಿ ಹೋಗಲು ಇನ್ನೂ ಅವಕಾಶವಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಚೀಲದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

“ಆಂಟಿ,” ಎಂದೆ. ಎಂಟು ತಿಂಗಳು ಸಿಗದಿದ್ದ ಸಂಬೋಧನೆ ಹೆದರಿಕೆಯಲ್ಲಿ ತಾನಾಗಿ ಹೊರಬಿತ್ತು. “ಅದು ನಾನೇ. ಹಳೇದಾಗಿದೆ ಅಂತ ತೆಗೆದೆ. ನಮ್ಮ ಕಡೆ ಹಾಗೆ ತೆಗೀತೀವಿ. ಇದು ಹೀಗೆ ಅಂತ ನನಗೆ ಗೊತ್ತಿರಲಿಲ್ಲ. ಎಲ್ಲಾ ಇದರಲ್ಲೇ ಇದೆ.”

ನೋರಾ ಚೀಲ ನೋಡಿದರು, ನನ್ನನ್ನು ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗೇಟಿನ ಹತ್ತಿರ ನಿಂತೇ ಇದ್ದೆ. ಹೋಗುವುದೂ ತಪ್ಪು, ಬಾಗಿಲು ಬಡಿಯುವುದೂ ತಪ್ಪು. ಹೊಳೆಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ನನ್ನ ಲೆಕ್ಕದಲ್ಲಿ ಹದಿನಾಲ್ಕು ನಿಮಿಷದ ನಂತರ ಬಾಗಿಲು ತೆರೆಯಿತು. ನೋರಾ ಕೋಟು, ಟೋಪಿ, ಮಾಸ್ಕು ಹಾಕಿಕೊಂಡು ಕೋಲು ಹಿಡಿದು ಬಂದರು. ಕಣ್ಣು ಕೆಂಪಾಗಿತ್ತು.

“ಎಷ್ಟಿದೆ?”

“ನಲವತ್ತೊಂದು. ಜಪಮಾಲೆ, ಕಾಲುಚೀಲ ಬೇರೆ.”

“ಎಣಿಸಿದೀಯಾ?”

“ಎಣಿಸಿದೀನಿ.”

“ಕೇಡು ಮಾಡೋಕೆ ಬಂದೋರು ಎಣಿಸ್ತಾ ಕೂತಿರಲ್ಲ” ಎಂದು, ನನಗಲ್ಲ, ಗೇಟಿಗೆ ಹೇಳಿದರು. “ಆದರೆ ಯಾವುದು ಎಲ್ಲಿತ್ತು ಅಂತ ಯಾವ ದೇವರಿಗೆ ಗೊತ್ತು?”

ನಾನು ಫೋನು ತೆಗೆದೆ. ಮರದ ನಾಲ್ಕು ದಿಕ್ಕು, ಒಂದೊಂದು ಕೊಂಬೆ ಹತ್ತಿರದಿಂದ. ಬೇರೆಯವರನ್ನು ಸಿಕ್ಕಿಹಾಕಿಸಲೆಂದು ಏಳು ವರ್ಷ ರೂಢಿಸಿಕೊಂಡ ಶಿಸ್ತು. ನೋರಾ ಕನ್ನಡಕ ಸರಿಸಿ, ನಾನು ಕೈ ಚಾಚಿ ಹಿಡಿದ ಫೋನನ್ನು ದೂರದಿಂದಲೇ ನೋಡಿದರು. “ನಡಿ” ಎಂದರು.

ಮಧ್ಯಾಹ್ನವೆಲ್ಲ ಕಟ್ಟಿದೆವು. ಅವರು ಬೆಂಚಿನಿಂದ ಕೋಲು ಚಾಚಿ ಆಜ್ಞೆ ಕೊಡುವುದು, ನಾನು ಫೋಟೊ ನೋಡಿ ಗಂಟು ಹಾಕುವುದು. ಎಳೆಯಾಗಿ ಹೋಗಿದ್ದವನ್ನು ಮುಳ್ಳಿಗೇ ಸಿಕ್ಕಿಸಿದೆ. ಕಾಲುಚೀಲ ಮೊದಲಿದ್ದ ಕೊಂಬೆಗೇ ಹೋಯಿತು. ಮಾಸ್ಕನ್ನು ಎತ್ತಿ ಹಿಡಿದು, ಇದು ಹರಕೆಯೋ, ಗಾಳಿಗೆ ಹಾರಿಬಂದ ಕಸವೋ ಎಂದು ಕೇಳಿದೆ. ನೋರಾ ಕೋಲಿನಿಂದ ಕೊಂಬೆ ತೋರಿಸಿ, “ಕಟ್ಟು. ಈ ವರ್ಷ ಯಾರಿಗೆ ಗೊತ್ತು” ಎಂದರು.

ಕೊನೆಗೆ ಉಳಿದದ್ದು ನೀಲಿ ಗೆರೆಯ ಚೂರು. ಅದನ್ನು ಅವರೇ ಕಟ್ಟಬೇಕು. ಬೆರಳು ಮಡಚುವುದಿಲ್ಲ, ಮಾಸ್ಕು ಇರುವುದರಿಂದ ಹಲ್ಲೂ ಒದಗುವುದಿಲ್ಲ. ಕೊಂಬೆಯನ್ನು ನಾನು ಬಗ್ಗಿಸಿ ಹಿಡಿದೆ, ಬಟ್ಟೆಯ ಒಂದು ತುದಿಯನ್ನೂ ಹಿಡಿದೆ, ಇನ್ನೊಂದು ತುದಿಯನ್ನು ಅವರು ಅಂಗೈಯಿಂದ ತಳ್ಳಿ ತಳ್ಳಿ ಕುಣಿಕೆಯೊಳಗೆ ತಂದರು. ಅವರ ಟೋಪಿ ನನ್ನ ಗಲ್ಲಕ್ಕೆ ತಾಗುತ್ತಿತ್ತು. ಎರಡು ಮೀಟರಿನ ನಿಯಮವನ್ನು ನಾನು ಆ ಎರಡು ವರ್ಷದಲ್ಲಿ ಮುರಿದದ್ದು ಅದೊಂದೇ ಸಲ. ಮುರಿದದ್ದಕ್ಕೆ ವಿಷಾದವಿಲ್ಲ ಎಂದು ಯಾವ ಇಲಾಖೆ ಕೇಳಿದರೂ ಬರೆದುಕೊಡುತ್ತೇನೆ.

“ಈಗ ಮೂರು ಸುತ್ತು” ಎಂದರು. ನಾನು ಬಾವಿಯನ್ನು ಬಲಕ್ಕಿಟ್ಟುಕೊಂಡು ಹೊರಟೆ. ನೋರಾ ಹಿಂದಿನಿಂದ ಕೇಳಿದರು: “ಸೂರ್ಯ ಹೋಗೋ ಕಡೇಗೇ ಸುತ್ತಬೇಕು ಅಂತ ನಿಂಗ್ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ. ಚಿಕ್ಕವಳಿದ್ದಾಗಿಂದ ಹೀಗೇ ಸುತ್ತೋದು.”

“ಹಾಗಾದ್ರೆ ಅರ್ಧ ಗೊತ್ತಿದೆ ನಿಂಗೆ” ಎಂದರು. ಹಿಂದಿರುಗುವಾಗ, ಗೇಟಿನ ಹತ್ತಿರ, ಇನ್ನೊಂದು ನೆನಪಾಯಿತು ಅವರಿಗೆ. “ಆಂಟಿ ಅಂದ್ಯಲ್ಲ ಆಗ? ಆಂಟಿ ಆಗೋಕೆ ಆ ಮಿಕ್ ಮದುವೆಯಾಗಬೇಕಿತ್ತು. ಆಗಲಿ ಬಿಡು, ಗ್ರ್ಯಾಂಡ್.” ಸರಿ ಎನ್ನಲು ಇಲ್ಲಿನವರು ಗ್ರ್ಯಾಂಡ್ ಎನ್ನುತ್ತಾರೆ. ನಾನು ನನ್ನ ಫೋನ್ ನಂಬರು ಬರೆದ ಚೀಟಿಯನ್ನು ಗೇಟಿನ ಕಂಬದ ಮೇಲಿಟ್ಟು, ಹಾರದಂತೆ ಕಲ್ಲು ಹೇರಿ ಬಂದೆ. ಕೇಳದೆ ಯಾರಿಗೂ ನಂಬರು ಕೊಟ್ಟವಳಲ್ಲ ನಾನು.

ಆಮೇಲಿನ ಹನ್ನೊಂದು ದಿನ ಹೇಗೆ ಕಳೆದವೆಂದು ವಿವರಿಸುವುದಿಲ್ಲ. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಹಿಂದಿನದು ಮುಂದಿನದಕ್ಕೆ ಕಾರಣವಲ್ಲ ಎಂದು ನಾನು ಆಫೀಸಿನಲ್ಲಿ ಕಿರಿಯರಿಗೆ ಪಾಠ ಮಾಡುತ್ತೇನೆ. ಮರ ಬೋಳಾದದ್ದು ಶನಿವಾರ, ಮೆಷಿನ್ ಹಾಕಿದ್ದು ಭಾನುವಾರ. ಪಾಠ ಗಟ್ಟಿಯಾಗಿ ನೆನಪಿತ್ತು, ಊಟ ಮಾತ್ರ ಸೇರುತ್ತಿರಲಿಲ್ಲ. ಲವೀನಾ ದಿನವೂ ಬಂದು, ಬೂಟು ಬಿಚ್ಚುವ ಮೊದಲೇ, “ಫೋನ್ ಬಂತಾ?” ಎನ್ನುತ್ತಿದ್ದಳು. ಇಡೀ ದಿನ ಅಂಥವರ ನಡುವೆಯೇ ಇದ್ದು ಬಂದವಳು ನನ್ನೊಬ್ಬಳ ಮಿಕ್‌ನನ್ನೂ ವಿಚಾರಿಸುತ್ತಿದ್ದಳು. ಒಂದು ದಿನ ತನಗೆ ಸಿಕ್ಕಿದ್ದ ರಜೆಯನ್ನೆಲ್ಲ ನಿದ್ದೆಗೆ ಬಿಡದೆ ನನ್ನೊಡನೆ ಬಾವಿಯವರೆಗೆ ನಡೆದಳು. ಮರಿಯಮ್ಮನ ಗೂಡಿನ ಮುಂದೆ ಅವಳು ಮಂಡಿಯೂರಿದಾಗ ನಾನು ಪಕ್ಕದಲ್ಲಿ ನಿಂತು, ಹವಾಮಾನದ ಬಗ್ಗೆ ಏನೂ ಹೇಳಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ, ಮೀಟಿಂಗಿನ ನಡುವೆ, ಗೊತ್ತಿಲ್ಲದ ನಂಬರಿನಿಂದ ಫೋನು.

“ಶೀಲಾ? ಎದ್ದಿದಾನೆ ಕಣೇ. ಮೆಷಿನ್ ತೆಗೆದ್ರಂತೆ. ನರ್ಸು ಫೋನು ಅವನ ಕಿವಿಗೆ ಹಿಡಿದಳು. ಏನಂದ ಗೊತ್ತಾ? ಕನ್ನಡಕ ಕಳಿಸು, ಪೇಪರಿನ ಸಾವಿನ ಪುಟ ಓದಬೇಕು, ಯಾರ್ಯಾರು ಹೋದರೋ ತಿಳಿಯದೆ ಇಲ್ಲಿ ಕಣ್ಣುಮುಚ್ಚಿ ಬಿದ್ದಿದೀನಿ ಅಂದ! ನಾನಿಲ್ಲಿ ಪ್ರಾಣ ಬಿಡ್ತಿದ್ರೆ ಅವನಿಗೆ ಸತ್ತೋರ ಪಟ್ಟಿ ಬೇಕಂತೆ. ಚೆನ್ನಾಗಿ ಬೈದೆ.” ಅಲ್ಲಿಗೆ ಸ್ವರ ಒಡೆಯಿತು. ನಾನು ಕ್ಯಾಮೆರಾ ಆಫ್ ಮಾಡಿದೆ.

ಯಾವುದರಿಂದ ಯಾವುದು ಎಂದು ಆಮೇಲೂ ನನಗೆ ಗೊತ್ತಾಗಿಲ್ಲ. ಮಿಕ್ ಎಂಬವರನ್ನು ಉಳಿಸಿದ್ದು ನನಗೆ ಮುಖ ತಿಳಿಯದ ಡಾಕ್ಟರು, ನರ್ಸುಗಳು. ಅವರಲ್ಲಿ ಎಷ್ಟು ಮಂದಿ ಲವೀನಾಳಂತೆ ಬೂಟು ಬಿಚ್ಚಲೂ ಆಗದೆ ಸೋಫಾದಲ್ಲಿ ಒರಗುತ್ತಿದ್ದರೋ. ಹಲ್ಲುನೋವಿನ ಸಂತ ಏನಾದರೂ ಕೈಯಾಡಿಸಿದ್ದರೆ ಅವನಿಗೂ ಋಣಿ. ಒಂದು ತಪ್ಪಿಗೆ ಕಾರಣ, ಪರಿಣಾಮ, ಹೊಣೆ ಎಂದು ಮೂರು ಕಾಲಂ ಎಳೆಯುವವಳು ನಾನು. ಈ ಸಲ ಮೂರೂ ಖಾಲಿ ಉಳಿದವು. ಖಾಲಿ ಬಿಟ್ಟು ಎದ್ದುಹೋಗಲು ಆಗುತ್ತದೆ ಎಂದು ತಿಳಿದದ್ದೇ ನನಗೆ ಆ ವರ್ಷದ ದೊಡ್ಡ ಸಮಾಧಾನ.

ಅವತ್ತು ಸಂಜೆಯೇ ನೋರಾ ಅವರ ಗೇಟಿಗೆ ಹೋಗಿ ಕನ್ನಡಕ, ಕ್ಷೌರದ ಸಾಮಾನು, ಕಪ್ಪು ಕಾಲುಚೀಲ ಎರಡು ಜೊತೆ ಇದ್ದ ಚೀಲ ತಂದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದೆ. ಅಕ್ಕಪಕ್ಕದ ವಯಸ್ಸಾದವರ ತುರ್ತು ಕೆಲಸಕ್ಕಾಗಿ ಐದು ಕಿಲೋಮೀಟರ್ ದಾಟಬಹುದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಗಾಜಿನ ಹಿಂದೆ ಕುಳಿತಿದ್ದ ಹುಡುಗಿ ಒಂದು ಹಾಳೆ ತಳ್ಳಿದಳು. ರೋಗಿಯ ಹೆಸರು ಬರೆದೆ, ವಾರ್ಡು ಬರೆದೆ, ನನ್ನ ಹೆಸರು ಬರೆದೆ. ಕೆಳಗೆ ಇನ್ನೊಂದು ಸಾಲಿತ್ತು: ರೋಗಿಗೆ ನೀವು ಏನಾಗಬೇಕು? ನಾನು ಆ ಮನುಷ್ಯನನ್ನು ಕಣ್ಣಿನಲ್ಲಿ ನೋಡಿಲ್ಲ. ನಮ್ಮ ಮನೆಗಳ ನಡುವೆ ಸುಮಾರು ನಾಲ್ಕು ಕಿಲೋಮೀಟರ್. ಹಿಂದೆ ಸಾಲಿನಲ್ಲಿದ್ದವರು ಅವಸರ ಮಾಡಲಿಲ್ಲ. ನೆರೆಮನೆಯವಳು ಎಂದು ಬರೆದು, ಚೀಲದ ಜೊತೆ ಹಾಳೆಯನ್ನು ಗಾಜಿನ ಕೆಳಗೆ ತಳ್ಳಿದೆ.